ಅವಳನ್ನು ದಾಟಬಾರದು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮವರು ಹೇಳುತ್ತಾರೆ. ಮಕ್ಕಳಿಬ್ಬರೂ ಕಾಲೇಜಿಗೆ ಹೋಗಿ ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆ ಭಣಗುಡತೊಡಗಿದಾಗ, “ನಿನ್ನ ಬಾಯಿಗೆ ಒಂದ್ ಕೆಲಸ ಬೇಕು ನೋಡು, ಇಲ್ಲಾಂದ್ರ ನನ್ನ ಗತಿ ಏನು?” ಎಂದು ಈ ನೌಕರಿಯನ್ನು ಹುಡುಕಿಕೊಟ್ಟವರೂ ಅವರೇ. ರಾಬಿನ್ಸ್‌ವಿಲ್‌ನ ವೇರ್‌ಹೌಸುಗಳನ್ನೆಲ್ಲ ದಾಟಿ ಮುಂದೆ ಹೋದರೆ, ಗೋವಿನಜೋಳದ ಹೊಲಗಳ ನಡುವೆ ಒಂದು ಬೋರ್ಡಿಂಗ್ ಸ್ಕೂಲಿದೆ. ಅಲ್ಲಿಯ ಒಂದು ಹಾಸ್ಟೆಲ್ ಮನೆಗೆ ನಾನು ವೀಕೆಂಡ್ ಹೌಸ್ ಪೇರೆಂಟ್. ಧಾರವಾಡದಲ್ಲಾದರೆ ವಾರ್ಡನ್ ಎನ್ನುತ್ತಿದ್ದರು, ಕೈಗೊಂದು ಬೆತ್ತವನ್ನೂ ಕೊಡುತ್ತಿದ್ದರು. ಇಲ್ಲಿ ಬೆತ್ತದ ಬದಲು ಪ್ಯಾನ್‌ಕೇಕ್ ಮಗುಚುವ ಚಮಚ ಕೊಟ್ಟಿದ್ದಾರೆ.

ಆ ಮನೆಯಲ್ಲಿ ನಾಲ್ವರು ಹುಡುಗಿಯರು. ನಾಲ್ವರೂ ಈ ದೇಶದ ಮೂಲನಿವಾಸಿಗಳು, ದೂರದೂರದ ರಿಸರ್ವೇಶನ್‌ಗಳಿಂದ, ಅಂದರೆ ತಮ್ಮ ತಮ್ಮ ಬುಡಕಟ್ಟಿನ ನೆಲದಿಂದ, ಸ್ಕಾಲರ್‌ಶಿಪ್ಪಿನ ಮೇಲೆ ಓದಲು ಬಂದವರು. ಅವರಿಗೆ ಹೋಮ್‌ವರ್ಕ್ ಮಾಡಿಸುವುದು, ಆಟಕ್ಕೆ ಕರೆದುಕೊಂಡು ಹೋಗುವುದು, ಊರು ನೆನಪಾಗಿ ಅತ್ತರೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಅವರ ಅಜ್ಜಿಯರ ಕಾಲದಲ್ಲಿ ಬೋರ್ಡಿಂಗ್ ಸ್ಕೂಲ್ ಎಂದರೆ ಮಕ್ಕಳನ್ನು ಮನೆಯಿಂದ ಕಿತ್ತೊಯ್ದು, ಕೂದಲು ಕತ್ತರಿಸಿ, ಭಾಷೆ ಮರೆಸುತ್ತಿದ್ದ ಜಾಗ. ಹಾಗಾಗಿ ಮಕ್ಕಳನ್ನು ಬಿಡಲು ಬಂದ ಮನೆಯವರು ಊಟದ ಬಗ್ಗೆ, ಮಾರ್ಕ್ಸ್ ಬಗ್ಗೆ ಏನೂ ಕೇಳುವುದಿಲ್ಲ. ನಮ್ಮ ಹುಡುಗಿ ನಮ್ಮವಳಾಗಿಯೇ ವಾಪಸು ಬರುತ್ತಾಳಲ್ಲ ಎಂದಷ್ಟೇ ಕೇಳುತ್ತಾರೆ. ನಾನು ಎಲ್ಲರಿಗೂ ಎದೆ ತಟ್ಟಿ ಹೌದು ಎಂದಿದ್ದೆ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಾಲ್ವರಲ್ಲಿ ಕಿರಿಯವಳು, ಆರಿಜೋನಾದ ನವಾಹೊ ಬುಡಕಟ್ಟಿನ ಹುಡುಗಿ, ಬಾಗಿಲಿಗೆ ಒರಗಿ ನಿಂತಳು. ಮುಖ ಕೆಂಪಾಗಿತ್ತು. ಹತ್ತಿರ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ಆಂಟಿ, ಇವತ್ತು ಫಸ್ಟ್ ಟೈಮ್.”

ಅಷ್ಟೇ ಹೇಳಿದ್ದು. ಬಾತ್‌ರೂಮಿನ ಕಪಾಟಿನಲ್ಲಿ ಬೇಕಾದ್ದೆಲ್ಲ ಇಟ್ಟಿದ್ದೆ, ಅದನ್ನು ಅವಳೇ ನೋಡಿಕೊಂಡಿದ್ದಳು. ನನಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ! “ಅಯ್ಯ ನನ್ನ ಬಂಗಾರಾ! ದೊಡ್ಡಾಕಿ ಆದ್ಯಲ್ಲವಾ!” ಎಂದು ಕನ್ನಡದಲ್ಲೇ ಕೂಗಿ ಅಪ್ಪಿಕೊಂಡೆ. ಒಲೆ ಆರಿಸಿದೆ, ರವೆ ಅತ್ತ ಹೋಯಿತು. ಅವಳನ್ನು ಎಳೆದುಕೊಂಡು ಹೋಗಿ ಮೂಲೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿದೆ. ಏನೂ ಎತ್ತಬೇಡ, ಓಡಾಡಬೇಡ, ಸುಮ್ಮನೆ ಕೂತಿರು ಎಂದೆ. ನನ್ನ ಬ್ಯಾಗಿನ ಡಬ್ಬಿಯಿಂದ ಅಂಟಿನ ಉಂಡೆ ತೆಗೆದೆ. ಕೊಬ್ಬರಿ, ಖಾರೀಕು, ಬೆಲ್ಲ, ತುಪ್ಪ ಹಾಕಿ ಕಟ್ಟಿದ ಉಂಡೆ. ನಮ್ಮ ಕಡೆ ಹುಡುಗಿ ಮೈನೆರೆದರೆ ಸೊಂಟ ಗಟ್ಟಿಯಾಗಲಿ ಎಂದು ಕೊಡುವುದೇ ಇದನ್ನು, ಇದಕ್ಕೆ ಹಬ್ಬವನ್ನೇ ಮಾಡುತ್ತಾರೆ ಎಂದು ಅವಳಿಗೆ ಹೇಳಿದೆ. ನಾನು ಅದನ್ನು ತಂದದ್ದು ನನ್ನ ಮಂಡಿನೋವಿಗೆ, ಆದರೂ ಏನು ಯೋಗಾಯೋಗ ನೋಡಿ!

ಹುಡುಗಿ ಉಂಡೆಯನ್ನು ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದಳು.

“ಆಂಟಿ, ಥ್ಯಾಂಕ್ ಯೂ. ಆದರೆ ನಾನೀಗ ಸಿಹಿ ತಿನ್ನೋ ಹಾಗಿಲ್ಲ. ಉಪ್ಪೂ ಇಲ್ಲ.”

“ಉಪ್ಪೂ ಇಲ್ಲ? ಯಾಕ?”

“ಮತ್ತೆ, ಹೀಗೆ ಕೂರೋ ಹಾಗೂ ಇಲ್ಲ.” ಕಂಬಳಿ ಸರಿಸಿ ಎದ್ದು ನಿಂತಳು. “ನಾನು ಓಡಬೇಕು.”

ಎಲ್ಲಿಗೆ ಓಡಬೇಕು ಎಂದು ಕೇಳಿದೆ. ಪೂರ್ವಕ್ಕೆ ಎಂದಳು.

ಆಮೇಲೆ ಅವಳು ಬಿಡಿಸಿ ಹೇಳಿದಳು, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಅವರಲ್ಲಿ ಹುಡುಗಿ ದೊಡ್ಡವಳಾದರೆ ಮನೆಯಲ್ಲಿ ನಾಲ್ಕು ದಿನದ ಹಬ್ಬ. ಬೆಳಕು ಹರಿಯುವ ಹೊತ್ತಿಗೆ ಅವಳು ಸೂರ್ಯ ಹುಟ್ಟುವ ದಿಕ್ಕಿಗೆ ಓಡಬೇಕು, ದಿನದಿನಕ್ಕೆ ಇನ್ನಷ್ಟು ದೂರ. ಮನೆಯವರು, ನೆಂಟರು, ಮಕ್ಕಳು ಕೇಕೆ ಹಾಕುತ್ತ ಅವಳ ಹಿಂದೆ ಓಡುತ್ತಾರೆ. ಆದರೆ ಯಾರೂ ಅವಳನ್ನು ದಾಟಬಾರದು. ದಾಟಿದವರು ಅವಳಿಗಿಂತ ಮೊದಲು ಮುದುಕರಾಗುತ್ತಾರಂತೆ! ಗೋವಿನಜೋಳವನ್ನು ಅವಳೇ ಬೀಸಬೇಕು, ಆ ಹಿಟ್ಟಿನ ದೊಡ್ಡ ಕೇಕನ್ನು ನೆಲದ ಗುಂಡಿಯಲ್ಲಿ ಬೇಯಿಸಬೇಕು, ಬಂದವರಿಗೆಲ್ಲ ಹಂಚಬೇಕು. ಅವಳು ಮಾತ್ರ ಒಂದು ಚೂರೂ ತಿನ್ನುವ ಹಾಗಿಲ್ಲ.

ಅಡುಗೆಮನೆಯಿಂದಲೇ ಅವಳಜ್ಜಿಗೆ ವಿಡಿಯೋ ಕಾಲ್ ಮಾಡಿದೆವು. ಅಜ್ಜಿ ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು, ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಈ ದಿನಗಳಲ್ಲಿ ಹುಡುಗಿಯ ಮೈ ಹಸುಗೂಸಿನ ಮೈಯಂತೆ ಮೆತ್ತಗಿರುತ್ತದೆ. ಈಗ ಹೇಗೆ ತಿದ್ದಿದರೆ ಹಾಗೆ ಆಗುತ್ತಾಳೆ, ಈಗ ಏನು ಮಾಡುತ್ತಾಳೋ ಅದೇ ಕೊನೆತನಕ. ಆಮೇಲೆ ಯಾವಾಗಲೋ ಮಾಡಿದರೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದರು ಅಜ್ಜಿ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಓಡಲು ಶುರು ಮಾಡಲಿ, ಮನೆಗೆ ಬರಲಿ, ಉಳಿದದ್ದು ನನ್ನ ಕೈಯಲ್ಲಿ. ಅವಳ ತಾಯಿಯ ಮೈಯನ್ನೂ ಇದೇ ಕೈಯಿಂದ ನೀವಿ ತಿದ್ದಿದ್ದೇನೆ ಎಂದು ಅಜ್ಜಿ ಎರಡೂ ಅಂಗೈಗಳನ್ನು ಕ್ಯಾಮೆರಾಕ್ಕೆ ತೋರಿಸಿದರು. ಹುಡುಗಿ ಮೊದಲ ಸಲ ಅತ್ತಳು. “ನಾನು ಹೋಗಲೇಬೇಕು ಆಂಟಿ,” ಎಂದಳು.

ಹೋಗಬೇಕೆಂದರೆ ಡೀನ್ ಒಪ್ಪಬೇಕು. ಸೋಮವಾರದಿಂದ ಮಿಡ್‌ಟರ್ಮ್ ಪರೀಕ್ಷೆ. ಸ್ಕೂಲಿನವರಲ್ಲಿ ಡೀನ್ ಒಬ್ಬರಿಗೆ ಮಾತ್ರ ವಿಷಯ ಹೇಳಬಹುದು ಎಂದು ಹುಡುಗಿಯ ಒಪ್ಪಿಗೆ ಪಡೆದು ಫೋನ್ ಮಾಡಿದೆ. ಡೀನ್ ಮೇಡಂ ಕೆಟ್ಟವರಲ್ಲ, ಮಕ್ಕಳ ಬಗ್ಗೆ ಕಳಕಳಿ ಇರುವವರೇ. ಆದರೆ ಅವರಿಗೆ ಎಲ್ಲವೂ ಸಾಲಾಗಿ ಇರಬೇಕು.

“ಅವಳಿಗೆ ಹುಷಾರಿಲ್ಲವೇ?” ಎಂದು ಕೇಳಿದರು.

“ಇಲ್ಲ ಮೇಡಂ, ಚೆನ್ನಾಗಿದ್ದಾಳೆ. ಚೆನ್ನಾಗಿರುವುದಕ್ಕೇ ಹೋಗಬೇಕು.”

“ಮನೆಯಲ್ಲಿ ಸಾವು, ಅನಾರೋಗ್ಯ ಇದ್ದರೆ ಪರೀಕ್ಷೆ ಬಿಟ್ಟು ಕಳಿಸಬಹುದು. ಸಮಾರಂಭ ತಾನೇ? ಮುಂದಿನ ತಿಂಗಳ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಮಾಡಿಕೊಳ್ಳಲಿ.”

ಪಿತ್ತ ನೆತ್ತಿಗೇರಿತು. ಸತ್ತರೆ ಕಳಿಸುತ್ತಾರಂತೆ, ಹುಡುಗಿ ಅರಳಿದರೆ ಕಳಿಸುವುದಿಲ್ಲವಂತೆ! ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೋಗಿ ತೊದಲಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಪರೀಕ್ಷೆಗೆ ಕೂರದಿದ್ದರೆ ಸೊನ್ನೆ, ಸೊನ್ನೆ ಬಂದರೆ ಸ್ಕಾಲರ್‌ಶಿಪ್ಪಿಗೆ ತೊಂದರೆ ಎಂದು ಮೇಡಂ ಸಮಾಧಾನವಾಗಿಯೇ ಹೇಳಿ ಫೋನ್ ಇಟ್ಟರು.

ನಮ್ಮವರಿಗೆ ಫೋನ್ ಹಚ್ಚಿದೆ. “ನಿಮ್ಮ ಏರ್‌ಲೈನ್ ಮೈಲ್ಸ್ ಎಷ್ಟಾವ್ರೀ? ನಾಳೆ ಮಧ್ಯಾಹ್ನ ನೆವಾರ್ಕಿನಿಂದ ಫೀನಿಕ್ಸಿಗೆ ಒಂದ್ ಟಿಕೆಟ್ ಬೇಕು.”

“ಯಾರು ಹೊಂಟಾರ? ನೀ ಏನ್ ನನ್ನ ಬಿಟ್ಟು ಓಡಿ ಹೊಂಟೀಯೇನು?”

“ನಾ ಓಡಿಹೋಗೂ ವಯಸ್ಸು ಮುಗೀತ್ರೀ. ಸುಮ್ನ ಬುಕ್ ಮಾಡ್ರಿ.”

“ಪರ್ಮಿಶನ್ ಸಿಕ್ಕದೇನು?”

“ಸಿಗ್ತದ.”

“ಹಂಗಂದ್ರ ಇನ್ನೂ ಸಿಕ್ಕಿಲ್ಲ,” ಎಂದರು. ಆದರೂ ಬುಕ್ ಮಾಡಿದರು. ಒಂದು ದಿನದೊಳಗೆ ಕ್ಯಾನ್ಸಲ್ ಮಾಡಬಹುದು, ಮರೆಯಬೇಡ ಎಂದು ಮೆಸೇಜನ್ನೂ ಹಾಕಿದರು.

ಆ ದಿನವಿಡೀ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅವಳ ವಯಸ್ಸಿನಲ್ಲಿ ನಾನು ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದೆ. ಜಂಬವಲ್ಲ, ನಿಜ. ಜಿಲ್ಲಾ ಮಟ್ಟದ ಇನ್ನೂರು ಮೀಟರಿಗೆ ಹೆಸರು ಹೋಗಿತ್ತು, ಅಪ್ಪ ಬಿಳಿ ಕ್ಯಾನ್ವಾಸ್ ಶೂ ತಂದಿದ್ದರು. ಆ ವಾರವೇ ನಾನು ದೊಡ್ಡವಳಾದೆ. ಆಯಿ, ನಮ್ಮಜ್ಜಿ, ಒಳಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಹಸಿರು ಸೀರೆ ಉಡಿಸಿದರು, ಉಡಿ ತುಂಬಿದರು, ಆರತಿ ಮಾಡಿದರು, ಓಣಿಯ ಹೆಂಗಸರೆಲ್ಲ ಬಂದು ಹಾಡಿದರು. ಉಂಡೆಗಳು ಬಹಳ ರುಚಿಯಾಗಿದ್ದವು, ಸುಳ್ಳು ಯಾಕೆ ಹೇಳಲಿ. ನಾಳೆ ಓಟ ಇದೆ ಎಂದು ನಾನು ಅತ್ತರೆ ಆಯಿ, “ಇನ್ನೆಲ್ಲಿ ಓಟ ತಂಗೀ, ಇನ್ನ ಸಾವಕಾಶ ನಡೀಬೇಕು,” ಎಂದು ತಲೆ ಸವರಿದಳು. ಪ್ರೀತಿಯಿಂದಲೇ ಸವರಿದಳು. ಶೂಗಳು ತಮ್ಮನ ಕಾಲಿಗೆ ಹೋದವು. ಅಲ್ಲಿಂದ ಈಚೆಗೆ ನಾನು ಓಡಿದ್ದರೆ ಬಸ್ಸಿಗೆ ಓಡಿದ್ದು, ಮಕ್ಕಳು ಸಣ್ಣವರಿದ್ದಾಗ ಅವರ ಹಿಂದೆ ತುತ್ತು ಹಿಡಿದು ಓಡಿದ್ದು.

ಭಾನುವಾರ ಇನ್ನೂ ಬೆಳಕಾಗುವ ಮೊದಲು ಕಿರಿಯವಳು ತಲೆ ಬಾಚಿ ಕೂದಲು ಕಟ್ಟಿಕೊಂಡು, ಅಮ್ಮ ಕೊಟ್ಟ ಹಸಿರು ಹರಳಿನ ಸರ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ದೊಡ್ಡವರು ಜೊತೆಗಿಲ್ಲದೆ ಆ ಹೊತ್ತಿಗೆ ಹುಡುಗಿಯರು ಹೊರಗೆ ಹೋಗುವಂತಿಲ್ಲ ಎನ್ನುವುದು ನಿಯಮ. ದೊಡ್ಡವಳು ಜೊತೆಗಿದ್ದಾಳಲ್ಲ, ನಾನು! ಸಲ್ವಾರಿನ ಮೇಲೆ ದಪ್ಪ ಪಾರ್ಕಾ ಕೋಟು, ತಲೆಗೆ ಶಾಲು, ಕಾಲಿಗೆ ಮಗಳು ಬಿಟ್ಟುಹೋದ ಸ್ನೀಕರ್. ಉಳಿದ ಮೂವರು ಪೈಜಾಮದಲ್ಲೇ ಎದ್ದು ಬಂದಿದ್ದರು. ಅವರ ಬುಡಕಟ್ಟುಗಳು ಬೇರೆ, ಪದ್ಧತಿಗಳು ಬೇರೆ, ಆದರೂ ಯಾರೂ ಅವರಿಗೆ ಕರೆ ಕೊಡಬೇಕಾಗಿರಲಿಲ್ಲ.

ಹುಲ್ಲಿನ ಮೇಲೆಲ್ಲ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಮೈದಾನದ ಆಚೆ ಹೊಲದಂಚಿನಲ್ಲಿ ಆಕಾಶ ಕೆಂಪಾಗತೊಡಗಿತ್ತು. ಅವಳು ಒಮ್ಮೆ ಉಸಿರೆಳೆದುಕೊಂಡು ಹೊರಟೇಬಿಟ್ಟಳು.

ಅಬ್ಬಬ್ಬಾ, ಏನು ಓಟ! ನಾವು ನಾಲ್ವರೂ ಹಿಂದೆ. ಹುಡುಗಿಯರು ಕೇಕೆ ಹಾಕಿದರು. ನಾನೂ ಹಾಕಿದೆ. ಮೊದಲು ಸಣ್ಣ ದನಿ ಬಂತು, ಆಮೇಲೆ ಹೊಟ್ಟೆಯೊಳಗಿಂದ ಎಲ್ಲಿತ್ತೋ ಏನೋ, “ಹೋಓಓಯ್!” ಎಂದು ಎಂಥ ಕೂಗು ಬಂತೆಂದರೆ, ಹೊಲದ ಕಾಗೆಗಳೆಲ್ಲ ಹಾರಿಹೋದವು. ಎದೆ ಧಡಧಡ ಹೊಡೆದುಕೊಳ್ಳುತ್ತಿತ್ತು, ಮಂಡಿ ಚುಚ್ಚುತ್ತಿತ್ತು, ಶಾಲು ಎಲ್ಲೋ ಬಿದ್ದುಹೋಯಿತು. ಅವಳನ್ನು ದಾಟುವ ಭಯ ನನಗಂತೂ ಇರಲಿಲ್ಲ.

ಆ ಕೂಗಿಗೆ ಸೆಕ್ಯೂರಿಟಿಯವನು ಬಾರದೇ ಇರುತ್ತಾನೆಯೇ? ಗಾಲ್ಫ್ ಕಾರ್ಟಿನ ದೀಪ ಹಾಕಿಕೊಂಡು ಬಂದೇಬಿಟ್ಟ. ಒಬ್ಬ ಹುಡುಗಿ ಮುಂದೆ ಓಡುತ್ತಿದ್ದಾಳೆ, ಹಿಂದೆ ಪೈಜಾಮದ ಮೂವರು ಚೀರುತ್ತಿದ್ದಾರೆ, ಅವರ ಹಿಂದೆ ಒಬ್ಬ ಆಂಟಿ ಕೈ ಬೀಸುತ್ತಿದ್ದಾಳೆ. ಅವನು ಏನೆಂದುಕೊಂಡನೋ, ಅವಳನ್ನು ಅಡ್ಡಗಟ್ಟಿ ಕಾಪಾಡಲು ಕಾರ್ಟಿನ ವೇಗ ಹೆಚ್ಚಿಸಿದ. ಇನ್ನೇನು ಅವಳನ್ನು ದಾಟಿಬಿಡುತ್ತಾನೆ!

“ಡೋಂಟ್ ಪಾಸ್ ಹರ್! ಏಯ್, ದಾಟಬ್ಯಾಡೋ! ಡೋಂಟ್ ಪಾಸ್ ಹರ್!” ಎಂದು ಎರಡೂ ಭಾಷೆಯಲ್ಲಿ ಅಬ್ಬರಿಸಿದೆ. ಬಡಪಾಯಿ, ಗಕ್ಕನೆ ಬ್ರೇಕ್ ಹಾಕಿದ. ಕಾರಣ ಕೇಳಲಿಲ್ಲ. ಕಾರ್ಟನ್ನು ನನ್ನ ಪಕ್ಕಕ್ಕೆ ತಂದು, ನಡಿಗೆಯ ವೇಗದಲ್ಲಿ ಹಿಂದೆಯೇ ಬಂದ. ಬಾಯಿಯ ಹತ್ತಿರ ವೈರ್‌ಲೆಸ್ ಹಿಡಿದು, “ಎಲ್ಲ ಸರಿಯಿದೆ ಅನ್ನಿಸುತ್ತೆ. ಅವಳನ್ನು ದಾಟಬಾರದಂತೆ,” ಎಂದು ಯಾರಿಗೋ ವರದಿ ಒಪ್ಪಿಸಿದ.

ಆ ಯಾರೋ ಡೀನ್ ಮೇಡಂ. ಅವರ ಕ್ವಾರ್ಟರ್ಸ್ ಮೈದಾನದ ಪಕ್ಕದಲ್ಲೇ. ಹುಡುಗಿ ಹೊಲದಂಚಿನ ಓಕ್ ಮರವನ್ನು ಸುತ್ತು ಹಾಕಿ ವಾಪಸು ತಿರುಗುವ ಹೊತ್ತಿಗೆ ಮೇಡಂ ನೈಟ್ ಡ್ರೆಸ್ಸಿನ ಮೇಲೆ ಕೋಟು ತೊಟ್ಟು, ಕೈಯಲ್ಲಿ ಕಾಫಿ ಮಗ್ ಹಿಡಿದು ದಾರಿಗೆ ಬಂದು ನಿಂತಿದ್ದರು. ನಿಲ್ಲು ಎಂದು ಕೈ ಎತ್ತಿದರು.

ಅವಳು ನಿಲ್ಲಲಿಲ್ಲ. ಅವಿಧೇಯಳಾಗಿ ಅಲ್ಲ, ನಿಲ್ಲುವ ಹಾಗಿರಲಿಲ್ಲ. ಮೇಡಂ ಅವರ ಪಕ್ಕಕ್ಕೆ ಸರಿದು ಓಡಿದಳು. ಆಗ ಅವಳ ಮುಖ ಮೇಡಂಗೆ ಕಂಡಿತು, ಸೂರ್ಯ ಆಗಷ್ಟೇ ಹುಟ್ಟಿದ್ದ. ಕ್ಲಾಸಿನಲ್ಲಿ ಕೈ ಎತ್ತಲು ಹೆದರುವ ಹುಡುಗಿ, ಕೊನೆಯ ಬೆಂಚಿನ ಹುಡುಗಿ, ತಲೆಯೆತ್ತಿ, ಹಲ್ಲು ಬಿಟ್ಟು ನಗುತ್ತಾ ಓಡುತ್ತಿದ್ದಳು. ಅವಳ ಜೊತೆ ಮಾತಾಡಬೇಕೆಂದರೆ ಮೇಡಂಗೆ ಇದ್ದದ್ದು ಒಂದೇ ದಾರಿ. ಮಗ್ಗನ್ನು ಹುಲ್ಲಿನ ಮೇಲಿಟ್ಟು ಅವರೂ ಹಿಂದೆ ಓಡತೊಡಗಿದರು.

“ನಾನೂ ಅವಳನ್ನು ದಾಟಬಾರದೇ?” ಎಂದು ಏದುಸಿರಲ್ಲಿ ನನ್ನನ್ನು ಕೇಳಿದರು.

“ದಾಟಿದರೆ ಅವಳಿಗಿಂತ ಬೇಗ ಮುದುಕಿಯಾಗುತ್ತೀರಿ!”

ಮೇಡಂ ವೇಗ ಕಡಿಮೆ ಮಾಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹಾಸ್ಟೆಲಿನ ಬಾಗಿಲಲ್ಲಿ ಎಲ್ಲರೂ ಚಳಿಗೆ ಬಾಯಲ್ಲಿ ಹಬೆ ಬಿಡುತ್ತ ನಿಂತೆವು. ಹುಡುಗಿಯೇ ಮೇಡಂ ಮುಂದೆ ಬಂದು ನಿಂತಳು. ಯಾವತ್ತೂ ನೆಲ ನೋಡಿ ಮಾತಾಡುವವಳು ಆ ದಿನ ನೇರ ನೋಡಿ ಹೇಳಿದಳು. “ಮ್ಯಾಮ್, ಪರೀಕ್ಷೆ ಆಮೇಲೂ ಬರೀಬಹುದು. ಇದು ಆಮೇಲೆ ಬರಲ್ಲ. ನನ್ನ ಅಜ್ಜಿಯನ್ನ ಅವರ ಬೋರ್ಡಿಂಗ್ ಸ್ಕೂಲು ಮನೆಗೆ ಕಳಿಸಲಿಲ್ಲ. ಅವರಿಗೆ ಈ ಓಟ ಆಗಲೇ ಇಲ್ಲ.”

ನನಗೂ ಇದು ಗೊತ್ತಿರಲಿಲ್ಲ. ಕ್ಯಾಮೆರಾಕ್ಕೆ ತೋರಿಸಿದ ಆ ಎರಡು ಅಂಗೈಗಳು ಕಣ್ಣ ಮುಂದೆ ಬಂದವು. ಮೇಡಂ ನನ್ನತ್ತ ತಿರುಗಿ ಕೇಳಿದರು. “ಫ್ಲೈಟ್ ಎಷ್ಟು ಹೊತ್ತಿಗೆ?”

ಟಿಕೆಟ್ ಆಗಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ ಶಿವನೇ ಬಲ್ಲ. ಬಹುಶಃ ನನ್ನ ಮುಖದ ಮೇಲೇ ಬರೆದಿತ್ತು. ಪರೀಕ್ಷೆಯನ್ನು ಮುಂದಿನ ವಾರ ಬರೆಸುವ ಜವಾಬ್ದಾರಿ ತಮ್ಮದು ಎಂದರು ಮೇಡಂ. ನಾನು ತಡೆಯಲಾರದೆ ಅವರನ್ನೂ ಅಪ್ಪಿಕೊಂಡುಬಿಟ್ಟೆ. ಏರ್‌ಪೋರ್ಟಿಗೆ ಹೋಗುವ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಾನು ಅವತ್ತು ಡ್ರೈವ್ ಮಾಡಿದ ರೀತಿಯನ್ನು ಮಾತ್ರ ನಮ್ಮವರ ಮುಂದೆ ಯಾರೂ ಹೇಳಬಾರದು. ಸೆಕ್ಯೂರಿಟಿ ಲೈನಿನೊಳಗೆ ಹೋಗುವಾಗ ಅವಳು ತಿರುಗಿ ಕೈ ಬೀಸಿದಳು. ನಾನು ವಿಮಾನ ನಿಲ್ದಾಣದೊಳಗೇ ಇನ್ನೊಂದು ಕೇಕೆ ಹಾಕಿದೆ, ಜನ ನೋಡಿದರೆ ನೋಡಲಿ.

ಮುಂದಿನ ಶನಿವಾರ ಅವಳು ವಾಪಸು ಬಂದಳು. ಅಂಗೈಯಲ್ಲಿ ಬೀಸುಗಲ್ಲಿನ ಗುಳ್ಳೆಗಳು, ನಡಿಗೆಯಲ್ಲಿ ಹೊಸ ಠೀವಿ. ಬ್ಯಾಗಿನ ತುಂಬ ಫಾಯಿಲಿನಲ್ಲಿ ಸುತ್ತಿದ ಕೇಕಿನ ತುಂಡುಗಳು, ಹೊಗೆಯ ವಾಸನೆ, ಗೋವಿನಜೋಳದ ವಾಸನೆ. ಡೀನ್ ಮೇಡಂಗೆ ಒಂದು, ಗಾಲ್ಫ್ ಕಾರ್ಟಿನವನಿಗೆ ಒಂದು, ಮೂವರು ಹುಡುಗಿಯರಿಗೆ ಒಂದೊಂದು. ಎಲ್ಲಕ್ಕಿಂತ ದೊಡ್ಡ ತುಂಡು ನನಗೆ. ನಾನು ತಿನ್ನುವುದನ್ನೇ ನೋಡುತ್ತ ಎದುರಿಗೆ ಕೂತಳು. ನಮ್ಮ ಕಡೆಯ ಹುರಿದ ಹಿಟ್ಟಿನ ಘಮ ಬಂದು ನನಗೆ ಆಯಿ ನೆನಪಾದಳು.

“ಆಂಟಿ, ನಿಮ್ಮ ಬಗ್ಗೆ ಅಜ್ಜಿಗೆ ಎಲ್ಲ ಹೇಳಿದೆ. ನಮ್ಮ ಥರಾನೇ ನಿಮ್ಮಲ್ಲೂ ಹಬ್ಬ ಮಾಡ್ತಾರೆ ಅಂತ. ಅಜ್ಜಿ ಒಂದು ಮಾತು ಕೇಳ್ಕೊಂಡು ಬಾ ಅಂದ್ರು.”

“ಏನು?”

“ನಿಮ್ಮ ಟೈಮಲ್ಲಿ ನಿಮಗೆ ಓಡೋಕೆ ಬಿಟ್ಟಿದ್ರಾ ಅಂತ.”

ಜೋರು ಬಾಯಿಯ ನಾನು ಇಲ್ಲ ಎಂದು ತಲೆಯನ್ನಷ್ಟೇ ಆಡಿಸಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನೋಡಿದಳು, ನೋಡದವಳಂತೆ ಫಾಯಿಲ್ ಮಡಚಿಟ್ಟಳು.

ಮರುದಿನ ಬೆಳಗಿನ ಜಾವ ನನ್ನ ಕೋಣೆಯ ಬಾಗಿಲು ಬಡಿದರು. ನಾಲ್ವರೂ ಸ್ನೀಕರ್ ಹಾಕಿಕೊಂಡು ನಿಂತಿದ್ದರು. ಕಿರಿಯವಳು ನನ್ನ ಪಾರ್ಕಾ ಹಿಡಿದುಕೊಂಡಿದ್ದಳು. “ಏಳಿ ಆಂಟಿ. ಇವತ್ತು ನೀವು ಮುಂದೆ.”

“ಹುಚ್ಚಿಯರಾ, ನನ್ನ ವಯಸ್ಸು ನೋಡ್ರಿ! ನಾನು ಮುದುಕಿಯಾಗಿ ಮುಗಿದಿದೆ. ನನ್ನನ್ನು ದಾಟಿದರೆ ಯಾರಿಗೂ ಏನೂ ಆಗೂದಿಲ್ಲ.”

“ಆದ್ರೂ ದಾಟಲ್ಲ,” ಎಂದಳು.

ಓಡಿದೆ. ಓಟ ಎನ್ನಬೇಕೋ ಏನೋ, ಪಕ್ಕದಲ್ಲಿ ಯಾರಾದರೂ ನಡೆದುಕೊಂಡು ಹೋಗಿದ್ದರೆ ಆರಾಮವಾಗಿ ನನ್ನ ಮುಂದೆ ಹೋಗುತ್ತಿದ್ದರು. ಮಂಡಿ ಬೈಯುತ್ತಿತ್ತು. ಎದುರಿಗೆ ಹೊಲದಂಚಿನಲ್ಲಿ ಬೆಳಕು ಹರಿಯುತ್ತಿತ್ತು. ಹಿಂದೆ ನಾಲ್ಕು ಕೇಕೆಗಳು, ಜಿಂಕೆಯಂತೆ ಓಡಬಲ್ಲ ನಾಲ್ವರು ಹುಡುಗಿಯರ ಹೆಜ್ಜೆಗಳು, ನಿಂತಲ್ಲೇ ಕುಣಿದಂತೆ ಸಣ್ಣಗೆ, ನಿಧಾನಕ್ಕೆ. ಓಕ್ ಮರ ಸುತ್ತಿ ವಾಪಸು ಬರುವತನಕ ಒಬ್ಬಳೂ ನನ್ನನ್ನು ದಾಟಲಿಲ್ಲ.